ಹಾಸನದ ರಬ್ಬರ್ ಚೈನು, ನಮ್ಮ ಮಿನಿ ಹಿಟಾಚಿ: 430 ಗಂಟೆಗಳ ನಂತರ

ಕಳೆದ ನವೆಂಬರ್ ತಿಂಗಳಲ್ಲಿ ನಮ್ಮ ತೋಟದ ಮೂರು ಟನ್ನಿನ ಮಿನಿ ಹಿಟಾಚಿಗೆ ಹಾಸನದ ಒಂದು ಅಂಗಡಿಯಿಂದ ಒಂದು ಜೋಡಿ ರಬ್ಬರ್ ಟ್ರ್ಯಾಕ್ ಖರೀದಿಸಿ, ಅಂಗಡಿಯವರಿಂದಲೇ ತೋಟದಲ್ಲಿ ಹಾಕಿಸಿಕೊಂಡೆವು. ಮಣ್ಣು ಅಗೆಯುವ ಯಂತ್ರ ಯಾವ ಕಂಪನಿಯದೇ ಆಗಿರಲಿ, ನಮ್ಮ ಕಡೆ ಅದು ‘ಹಿಟಾಚಿ’ಯೇ, ಟ್ರ್ಯಾಕ್ ಕಬ್ಬಿಣದ್ದಾಗಲಿ ರಬ್ಬರಿನದ್ದಾಗಲಿ ಅದಕ್ಕೆ ‘ಚೈನು’ ಎಂಬ ಹೆಸರೇ ಚಾಲ್ತಿಯಲ್ಲಿದೆ. ಇಲ್ಲಿಯೂ ಅದೇ ಮಾತನ್ನು ಬಳಸುತ್ತೇನೆ. ಅಂದಿನಿಂದ ಜೂನ್ ಮೊದಲ ವಾರದವರೆಗೆ ಅವರ್ ಮೀಟರಿನಲ್ಲಿ 430 ಗಂಟೆ ಓಡಿದೆ. ಮಳೆ ಹಿಡಿದು ಯಂತ್ರ ಶೆಡ್ಡು ಸೇರಿರುವುದರಿಂದ, ಚೈನಿನ ಗುಣ ಮತ್ತು ಅಂಗಡಿಯ ಸೇವೆ ಎರಡರ ಬಗ್ಗೆಯೂ ಕುಳಿತು ಬರೆಯಲು ಈಗ ಬಿಡುವಾಗಿದೆ. ಅಂಗಡಿಯ ಹೆಸರನ್ನು ಬರೆಯುವುದಿಲ್ಲ. ಮೆಚ್ಚುಗೆಯ ಜೊತೆಗೆ ದೂರುಗಳೂ ಇವೆ, ದೂರುಗಳನ್ನು ಅವರಿಗೆ ನೇರವಾಗಿಯೇ ಹೇಳಿದ್ದೇನೆ.

ನಮ್ಮ ತೋಟ ಸಕಲೇಶಪುರ ತಾಲ್ಲೂಕಿನ ಹಾನುಬಾಳು ಕಡೆ ಇದೆ. ರೋಬಸ್ಟಾ ಹೆಚ್ಚು, ಮೇಲಿನ ಇಳಿಜಾರಿನಲ್ಲಿ ಸ್ವಲ್ಪ ಅರೇಬಿಕಾ, ಸಿಲ್ವರ್ ಓಕ್ ಮರಗಳಿಗೆ ಹಬ್ಬಿಸಿದ ಮೆಣಸು. ಆಳುಗಳು ಸಿಗದ ಈ ಕಾಲದಲ್ಲಿ ಚರಂಡಿ ತೆಗೆಯುವುದು, ಮಳೆನೀರು ಇಂಗಲು ತೊಟ್ಟಿಲುಗುಂಡಿ ಹೊಡೆಯುವುದು, ಕೆರೆಯ ಹೂಳೆತ್ತುವುದು, ಮಳೆಗಾಲದಲ್ಲಿ ಕುಸಿದ ರಸ್ತೆಯನ್ನು ಬೇಸಿಗೆಯಲ್ಲಿ ಸರಿಪಡಿಸುವುದು, ಇವೆಲ್ಲಕ್ಕೂ ಈ ಯಂತ್ರವೇ ಆಧಾರ. ಕಬ್ಬಿಣದ ಚೈನಿನ ಯಂತ್ರವನ್ನು ಕಾಫಿ ಸಾಲುಗಳ ನಡುವೆ ನುಗ್ಗಿಸಿದರೆ ಗಿಡದ ಬೇರೂ ಉಳಿಯುವುದಿಲ್ಲ, ಮನೆಯ ಮುಂದಿನ ಕಾಂಕ್ರೀಟ್ ರಸ್ತೆಯೂ ಉಳಿಯುವುದಿಲ್ಲ ಎಂಬ ಕಾರಣಕ್ಕೆ ರಬ್ಬರಿನದು ಅನಿವಾರ್ಯ. ಆದರೆ ರಬ್ಬರಿಗೆ ನಮ್ಮ ನೆಲ ಮಿತ್ರನಲ್ಲ. ಒಣಗಿದಾಗ ಜಂಬಿಟ್ಟಿಗೆ ಹರಳು ಮರಳುಕಾಗದದಂತೆ ತಿಕ್ಕುತ್ತದೆ, ಒದ್ದೆಯಾದಾಗ ಕೆಂಪು ಜೇಡಿ ಚೈನಿನ ಒಳಮೈ ಮೇಲೆ ಉರುಳುವ ಚಿಕ್ಕ ಗಾಲಿಗಳಾದ ರೋಲರುಗಳ ನಡುವೆ ಸೇರಿ ಮರುದಿನ ಬೆಳಗ್ಗೆ ಹೊತ್ತಿಗೆ ಇಟ್ಟಿಗೆಯಾಗಿರುತ್ತದೆ, ಮೇಲಿಂದ ಬೆಣಚುಕಲ್ಲಿನ ಚೂರುಗಳು ಬೇರೆ. ಇವೆಲ್ಲಕ್ಕಿಂತ ಅಪಾಯಕಾರಿಯಾದದ್ದು ಓರೆಯಾಗಿ ಕತ್ತರಿಸಿ ಬಿಟ್ಟ ಹಳೆಯ ಕಾಫಿ ಬುಡ. ಮೂರು ಟನ್ ಭಾರ ಅದರ ಮೇಲೆ ಕುಳಿತಾಗ ಅದು ಈಟಿಯ ಹಾಗೆ ರಬ್ಬರನ್ನು ಇರಿಯುತ್ತದೆ.

ಹಿಂದಿನ ಜೋಡಿಯನ್ನು ಬೇರೊಬ್ಬ ವ್ಯಾಪಾರಿಯಿಂದ, ಬೆಲೆಯೊಂದನ್ನೇ ನೋಡಿ ತಂದಿದ್ದೆವು. ಮುನ್ನೂರು ಗಂಟೆ ದಾಟುವ ಮೊದಲೇ ಒಳಮೈಯಲ್ಲಿ ಕಬ್ಬಿಣದ ತುಂಡುಗಳು ಹೊಳೆಯತೊಡಗಿದವು; ಒಂದು ಮಧ್ಯಾಹ್ನ ಕೆರೆಯ ಏರಿಯ ಕೆಳಗೆ ಬಲಗಡೆಯ ಚೈನಿನ ಅಂಚು ಬಿಚ್ಚಿಕೊಂಡು, ಒಳಗಿನ ಉಕ್ಕಿನ ಹುರಿಗಳು ಹಳೆಯ ಚಾಪೆಯ ನಾರಿನಂತೆ ಹೊರಗೆ ಬಂದವು. ರಬ್ಬರ್ ಚೈನು ಎಂದರೆ ಬರಿಯ ರಬ್ಬರಲ್ಲ. ಉದ್ದಕ್ಕೂ ಸುತ್ತಿಕೊಂಡಿರುವ ಉಕ್ಕಿನ ಹುರಿ ಎಳೆತವನ್ನು ತಡೆಯುತ್ತದೆ, ಅಡ್ಡಲಾಗಿ ಹುದುಗಿಸಿದ ಕಬ್ಬಿಣದ ತುಂಡುಗಳು ಚೈನನ್ನು ತಿರುಗಿಸುವ ಹಲ್ಲುಗಾಲಿಯ, ಅಂದರೆ ಸ್ಪ್ರಾಕೆಟ್‌ನ, ಹಲ್ಲಿಗೆ ಸಿಕ್ಕಿ ಯಂತ್ರವನ್ನು ಮುಂದಕ್ಕೆ ಒಯ್ಯುತ್ತವೆ, ರಬ್ಬರು ಇವೆರಡನ್ನೂ ನೀರು ಮತ್ತು ಕಲ್ಲಿನಿಂದ ಕಾಯುತ್ತದೆ. ಒಂದು ಕಡೆ ಗಾಯವಾಗಿ ನೀರು ಒಳಗೆ ಇಳಿಯಿತೆಂದರೆ ಹುರಿ ತುಕ್ಕು ಹಿಡಿಯಲು ಶುರುವಾಗುತ್ತದೆ, ಹೊರಗಿನ ಹಲ್ಲು ಎಷ್ಟು ಎತ್ತರ ಉಳಿದಿದ್ದರೂ ಆಮೇಲೆ ಪ್ರಯೋಜನವಿಲ್ಲ. ಆಗ ನಾವು ತಪ್ಪನ್ನೆಲ್ಲ ಮಾರಿದವನ ತಲೆಗೆ ಕಟ್ಟಿದೆವು. ಅದು ಅರ್ಧ ಸತ್ಯ ಮಾತ್ರ ಎಂದು ತಿಳಿದದ್ದು ಹಾಸನದ ಈ ಅಂಗಡಿಗೆ ಹೋದ ಮೇಲೆ.

ಹಣ ಹಿಡಿದುಕೊಂಡು ಹೋದ ಗಿರಾಕಿಗೆ ಮಾಲು ಕೊಡದೆ ಕಳಿಸಿದ ಅಂಗಡಿಯನ್ನು ನಾನು ನೋಡಿದ್ದು ಇದೇ ಮೊದಲು. “ಗೌಡ್ರೇ, ಚೈನು ಆಮೇಲೆ ಕೊಡ್ತೀನಿ, ಮೊದ್ಲು ಸ್ಪ್ರಾಕೆಟ್ ಹಲ್ಲಿನ ಫೋಟೋ ಕಳಿಸಿ” ಎಂದರು ಮಾಲೀಕರು. ಕಳಿಸಿದ ಫೋಟೋದಲ್ಲಿ ಹಲ್ಲುಗಳು ಒಂದು ಬದಿಗೆ ಬಾಗಿ ಕೊಕ್ಕೆಯಂತಾಗಿದ್ದವು. ಹೊಸ ಚೈನಿನ ಕಬ್ಬಿಣದ ತುಂಡುಗಳು ಇಂಥ ಹಲ್ಲಿನ ಮೇಲೆ ಸರಿಯಾಗಿ ಕೂರದೆ ಪ್ರತಿ ಸುತ್ತಿನಲ್ಲೂ ಏರಿ ಜಾರಿ ಉಜ್ಜಿಕೊಳ್ಳುತ್ತವೆ. ಹಳೆಯ ಜೋಡಿಯ ಒಳಮೈ ಸವೆದದ್ದು ಹೀಗೆಯೇ. ಎರಡೂ ಸ್ಪ್ರಾಕೆಟ್ ಮತ್ತು ಕೆಳಗಿನ ಎರಡು ರೋಲರುಗಳನ್ನು ಬದಲಿಸದಿದ್ದರೆ ತಾವು ಚೈನು ಹಾಕುವುದಿಲ್ಲ ಎಂದು ಅವರು ಖಡಾಖಂಡಿತವಾಗಿ ಹೇಳಿದಾಗ, ಇನ್ನೂ ಸ್ವಲ್ಪ ವ್ಯಾಪಾರ ಮಾಡಿಕೊಳ್ಳುವ ಉಪಾಯವಿರಬಹುದೆಂದು ಅನುಮಾನಪಟ್ಟಿದ್ದೆ ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಬಿಚ್ಚಿದ ರೋಲರೊಂದನ್ನು ಕೈಯಲ್ಲಿ ಹಿಡಿದು ತಿರುಗಿಸಿ ತೋರಿಸಿದರು. ಸೀಲು ಹೋಗಿ ಒಳಗಿನ ಎಣ್ಣೆಯೆಲ್ಲ ಸೋರಿ, ರೋಲರು ತಿರುಗದೆ ಚೈನಿನ ಮೇಲೆ ಎಳೆದುಕೊಂಡೇ ಹೋಗುತ್ತಿತ್ತು. ಅದರ ಒಂದು ಪಕ್ಕ ಚಪ್ಪಟೆಯಾಗಿತ್ತು. ಅನುಮಾನ ಅಲ್ಲಿಗೇ ಮುಗಿಯಿತು.

ಅಳತೆಯ ವಿಷಯದಲ್ಲಿಯೂ ಅವರ ಎಚ್ಚರಿಕೆ ಮೆಚ್ಚುವಂಥದ್ದು. ನಮ್ಮ ಹಳೆಯ ಚೈನಿನ ಮೇಲಿದ್ದ ಅಚ್ಚು ಅಳಿಸಿಹೋಗಿತ್ತು. ಅವರು ಒಳಗಿನ ಕಬ್ಬಿಣದ ತುಂಡುಗಳ ನಡುವಿನ ದೂರವನ್ನು ಒಂದರಿಂದ ಇನ್ನೊಂದಕ್ಕೆ ಅಳೆಯದೆ, ಹತ್ತು ತುಂಡುಗಳ ದೂರವನ್ನು ಒಟ್ಟಿಗೆ ಟೇಪಿನಲ್ಲಿ ಅಳೆದು, ಬಂದ 525 ಮಿ.ಮೀ.ಯನ್ನು ಹತ್ತರಿಂದ ಭಾಗಿಸಿದರು. ಅಗಲ 300 ಮಿ.ಮೀ., ತುಂಡಿನಿಂದ ತುಂಡಿಗೆ 52.5 ಮಿ.ಮೀ., ಒಟ್ಟು 80 ತುಂಡು, ಇದನ್ನೇ 300×52.5×80 ಎಂದು ಬರೆಯುತ್ತಾರೆ, ಅಂದರೆ ಸುತ್ತಳತೆ 4.2 ಮೀಟರ್. ಇದೇ ಮೂರು ಅಂಕಿ ಇದ್ದರೂ ಜೊತೆಗಿರುವ ಅಕ್ಷರ ಬೇರೆಯಾದರೆ ಒಳಗಿನ ಅಚ್ಚು ಬೇರೆಯಾಗಿ ರೋಲರಿಗೆ ಹೊಂದುವುದಿಲ್ಲವೆಂದು, ಅಕ್ಷರವನ್ನೂ ನೋಡಿ ಆರ್ಡರ್ ಮಾಡಿದರು. ಫೋನಿನಲ್ಲಿ ‘ಮೂರು ಟನ್ನಿನ ಗಾಡಿಗೆ ಚೈನು’ ಎಂದಷ್ಟೇ ಹೇಳಿ ತರಿಸಿಕೊಳ್ಳುವವರು ಇದನ್ನು ಗಮನಿಸಬೇಕು.

ಹಾಕುವ ಕೆಲಸಕ್ಕೆ ಹಾಸನದಿಂದ ಪಿಕಪ್‌ನಲ್ಲಿ ಇಬ್ಬರು ಬಂದರು. ಅಗೆಯುವ ತೋಳಾದ ಬೂಮನ್ನೂ ಮಣ್ಣು ತಳ್ಳುವ ಬ್ಲೇಡನ್ನೂ ನೆಲಕ್ಕೆ ಒತ್ತಿ ಯಂತ್ರವನ್ನು ಎತ್ತಿ, ಅಡಿಗೆ ನಮ್ಮದೇ ಸಿಲ್ವರ್ ಓಕ್ ದಿಮ್ಮಿಗಳನ್ನು ಕೊಟ್ಟು, ಚೈನನ್ನು ಬಿಗಿಹಿಡಿಯುವ ಒಳಗಿನ ಸಿಲಿಂಡರಿನ ಗ್ರೀಸನ್ನು ಬಿಟ್ಟಾಗ ಮುಂದಿನ ಐಡ್ಲರ್ ಗಾಲಿ ಹಿಂದಕ್ಕೆ ಸರಿದು ಚೈನು ಸಡಿಲವಾಗುತ್ತದೆ. ಈ ಗ್ರೀಸ್ ವಾಲ್ವನ್ನು ಒಂದು ಸುತ್ತಿಗಿಂತ ಹೆಚ್ಚು ತಿರುಗಿಸಬಾರದು, ಅದರ ಎದುರು ಮುಖವಿಟ್ಟು ಕೂರಬಾರದು. ಒಳಗಿನ ಒತ್ತಡಕ್ಕೆ ಚಿಮ್ಮುವ ಗ್ರೀಸು ಚರ್ಮವನ್ನು ಸೀಳಿ ಒಳಹೋಗಬಲ್ಲದು. ಬಂದವರಲ್ಲಿ ಹಿರಿಯನು ನಮ್ಮ ಆಪರೇಟರನ್ನು ಪಕ್ಕಕ್ಕೆ ನಿಲ್ಲಿಸಿ ಇದನ್ನು ಎರಡು ಸಲ ಹೇಳಿದನು. ಎರಡೂ ಕಡೆಯ ಕೆಲಸ ಬೆಳಗ್ಗೆ ಒಂಬತ್ತಕ್ಕೆ ಆರಂಭವಾಗಿ ಮೂರೂವರೆಗೆ ಮುಗಿಯಿತು, ನಡುವೆ ಅಕ್ಕಿರೊಟ್ಟಿಯ ಊಟವೂ ಆಯಿತು.

ಆ ದಿನ ನಮಗೆ ಸಿಕ್ಕಿದ ನಿಜವಾದ ಲಾಭ ಚೈನಲ್ಲ, ಎರಡು ಪ್ಲೈವುಡ್ ತುಂಡುಗಳು. ಚೈನು ಎಷ್ಟು ಬಿಗಿಯಿರಬೇಕು ಎಂಬುದನ್ನು ನಮ್ಮ ಕಡೆಯ ಆಪರೇಟರುಗಳು ಕಾಲಿನಿಂದ ಒದ್ದು ನೋಡಿ ನಿರ್ಧರಿಸುತ್ತಾರೆ; ಬಿಗಿಯಿದ್ದಷ್ಟೂ ಒಳ್ಳೆಯದು, ಕಳಚಿಕೊಳ್ಳುವುದಿಲ್ಲ ಎಂಬ ನಂಬಿಕೆ ಬಲವಾಗಿದೆ. ವಾಸ್ತವದಲ್ಲಿ ಅತಿಯಾದ ಬಿಗಿ ಸಡಿಲಿಗಿಂತ ನಿಧಾನವಾಗಿ, ಆದರೆ ಎಲ್ಲ ಭಾಗಗಳನ್ನೂ ಒಟ್ಟಿಗೆ ಕೊಲ್ಲುತ್ತದೆ: ಹುರಿ ಸದಾ ಎಳೆತದಲ್ಲಿರುತ್ತದೆ, ಸ್ಪ್ರಾಕೆಟ್ ಹಲ್ಲಿಗೂ ಕಬ್ಬಿಣದ ತುಂಡಿಗೂ ತಿಕ್ಕಾಟ ಹೆಚ್ಚುತ್ತದೆ, ಐಡ್ಲರಿನ ಬೇರಿಂಗು ಬಿಸಿಯಾಗುತ್ತದೆ, ಎಂಜಿನ್ ತನ್ನ ಶಕ್ತಿಯ ಒಂದು ಪಾಲನ್ನು ಚೈನು ತಿರುಗಿಸುವುದಕ್ಕೇ ಸುಡುತ್ತದೆ. ಸಡಿಲವಾದರೆ ಹಲ್ಲು ಹಾರಿ, ಇಳಿಜಾರಿನಲ್ಲಿ ಚೈನು ಕಳಚುತ್ತದೆ. ನಮ್ಮ ಯಂತ್ರಕ್ಕೆ, ಒಂದು ಪಕ್ಕವನ್ನು ನೆಲದಿಂದ ಎತ್ತಿದಾಗ ನಡುವಿನ ರೋಲರಿನ ಅಡಿಗೂ ಜೋತುಬಿದ್ದ ಚೈನಿನ ಒಳಮೈಗೂ 10ರಿಂದ 15 ಮಿ.ಮೀ. ಅಂತರವಿರಬೇಕೆಂದು ಕೈಪಿಡಿ ಹೇಳುತ್ತದೆ; ಬೇರೆ ಯಂತ್ರಗಳಿಗೆ ಬೇರೆ ಅಳತೆ ಇರುತ್ತದೆ. ಹಿರಿಯ ಮೆಕ್ಯಾನಿಕ್ ಪಿಕಪ್ಪಿನಲ್ಲಿದ್ದ 12 ಮತ್ತು 15 ಮಿ.ಮೀ. ಪ್ಲೈವುಡ್ ಚೂರುಗಳನ್ನು ಅಂಗೈಯಗಲಕ್ಕೆ ಕೊಯ್ದು ಕೊಟ್ಟನು. ತೆಳ್ಳನೆಯದು ಸಂದಿಯಲ್ಲಿ ಹೋಗಬೇಕು, ದಪ್ಪನೆಯದು ಹೋಗಬಾರದು. ಇಷ್ಟೇ ಲೆಕ್ಕ. ಈಗ ಆ ಎರಡೂ ತುಂಡುಗಳು ಶೆಡ್ಡಿನ ಗೋಡೆಯ ಮೊಳೆಗೆ ನೇತುಬಿದ್ದಿವೆ, ಸೋಮವಾರ ಬೆಳಗ್ಗೆ ಕೆಲಸ ಶುರುವಾಗುವ ಮುನ್ನ ಕೆಳಗಿಳಿಯುತ್ತವೆ. ಹೊಸ ಚೈನು ಮೊದಲ ದಿನಗಳಲ್ಲಿ ಸ್ವಲ್ಪ ಹಿಗ್ಗುವುದರಿಂದ ಮೊದಲ ವಾರದಲ್ಲಿ ಎರಡು ಸಲ ಗ್ರೀಸ್ ಗನ್ ಹಿಡಿಯಬೇಕಾಯಿತು.

ಚೈನಿನ ಘರ್ಷಣೆಯ ಮಾತು ಬಂದಾಗ ಗುಲ್ಮಾರ್ಗದಲ್ಲಿ ಕಂಡ ಸ್ನೋಮೊಬೈಲುಗಳು ನೆನಪಾಗುತ್ತವೆ. 2024ರ ಜನವರಿಯಲ್ಲಿ ಮನೆಮಂದಿಯೆಲ್ಲ ಅಲ್ಲಿಗೆ ಹೋಗಿದ್ದೆವು. ಆ ವರ್ಷ ತಿಂಗಳ ಕೊನೆಯ ತನಕ ಹಿಮವೇ ಸರಿಯಾಗಿ ಬೀಳದೆ ಬಯಲೆಲ್ಲ ಕಂದುಬಣ್ಣಕ್ಕೆ ತಿರುಗಿ, ಹಿಮದ ಮೇಲೆ ಓಡಬೇಕಾದ ಗಾಡಿಗಳು ಸಾಲಾಗಿ ನಿಂತಿದ್ದವು. ಹುಲ್ಲಿನ ಮೇಲೆಯೇ ಒಂದು ಸುತ್ತು ಹೊಡೆಸಿ ಎಂದು ಮಕ್ಕಳು ಹಟ ಹಿಡಿದಾಗ ಚಾಲಕ ಗಾಡಿಯ ಅಡಿಯಲ್ಲಿದ್ದ ಕಪ್ಪು ಪ್ಲಾಸ್ಟಿಕ್ ಪಟ್ಟಿಯನ್ನು ತೋರಿಸಿ ತಲೆಯಾಡಿಸಿದ. ಸ್ನೋಮೊಬೈಲಿನ ರಬ್ಬರ್ ಪಟ್ಟೆ ನಮ್ಮ ಯಂತ್ರದ್ದರಂತೆ ಪೂರ್ತಿಯಾಗಿ ರೋಲರುಗಳ ಮೇಲೆ ಓಡುವುದಿಲ್ಲ; ಅಲ್ಯೂಮಿನಿಯಂ ಹಳಿಗಳಿಗೆ ತೊಡಿಸಿದ, ಹೈಫ್ಯಾಕ್ಸ್ ಎಂದು ಕರೆಯುವ ಗಟ್ಟಿ ಪಾಲಿಥಿಲೀನ್ ಪಟ್ಟಿಯ ಮೇಲೆ ಪಟ್ಟೆಯ ಉಕ್ಕಿನ ಕ್ಲಿಪ್ಪುಗಳು ಜಾರುತ್ತಾ ಹೋಗುತ್ತವೆ. ಅಲ್ಲಿ ಎಣ್ಣೆಯ ಕೆಲಸವನ್ನೂ ತಂಪು ಮಾಡುವ ಕೆಲಸವನ್ನೂ ಮಾಡುವುದು ಹಿಮವೇ. ಹಿಮದ ಪುಡಿ ಸಿಗದ ಗಟ್ಟಿ ಮಂಜುಗಡ್ಡೆಯ ಮೇಲೆ ಅಥವಾ ಬರಿ ನೆಲದ ಮೇಲೆ ಓಡಿಸಿದರೆ ಪಟ್ಟಿ ಬಿಸಿಯಾಗಿ ಕರಗುತ್ತದೆ. ಬೆಟ್ಟ ಹತ್ತುವ ಮಾದರಿಗಳಲ್ಲಿ ಆಳವಾದ ಹಿಮದಲ್ಲಿ ಹೂತುಹೋಗದಂತೆ ಪಟ್ಟೆಯನ್ನು 154, 165 ಅಂಗುಲದಷ್ಟು ಉದ್ದವಾಗಿ ಮಾಡಿ, ಹಲ್ಲನ್ನು ಮೂರು ಅಂಗುಲದವರೆಗೂ ಎತ್ತರಿಸಿ, ತೂಕ ಇಳಿಸಲು ಗಾಲಿಗಳನ್ನು ಕಡಿಮೆ ಮಾಡಿರುತ್ತಾರೆ. ಗಾಲಿ ಕಡಿಮೆಯಾದಷ್ಟೂ ಪಟ್ಟಿಯ ಮೇಲಿನ ಭಾರ ಹೆಚ್ಚು. ಅದಕ್ಕಾಗಿಯೇ ಹಿಮದ ದೇಶಗಳ ಸವಾರರು ಗಟ್ಟಿ ದಾರಿಗೆಂದು ಹೆಚ್ಚಿನ ಗಾಲಿಗಳನ್ನು ಜೋಡಿಸುತ್ತಾರೆ, ಮಂಜುಗಡ್ಡೆಯನ್ನು ಗೀರಿ ಪುಡಿಯನ್ನು ಪಟ್ಟಿಯ ಮೇಲೆ ಎರಚುವ ಸ್ಪ್ರಿಂಗ್ ಕಡ್ಡಿಗಳನ್ನು ಕಟ್ಟುತ್ತಾರೆ, ಪಟ್ಟೆಯ ಬಿಗಿಯನ್ನು ಕಾಯುತ್ತಾರೆ.

ನೆಲವೇ ಕೀಲೆಣ್ಣೆಯಾಗುವ ಆ ಭಾಗ್ಯ ನಮಗಿಲ್ಲ. ನಮ್ಮ ನೆಲ ಚೈನಿನ ಒಳಗೆ ಸೇರಿತೆಂದರೆ ಅರವೇ ಆಗಿಬಿಡುತ್ತದೆ. ಇದಕ್ಕೆ ನಮ್ಮ ಕಡೆ ಒಂದು ಮನೆಮದ್ದು ಇದೆ, ಅದನ್ನು ಹೇಳಲೇಬೇಕು: ಜೇಡಿ ಅಂಟದಿರಲಿ, ತಿಕ್ಕಾಟ ಕಡಿಮೆಯಾಗಲಿ ಎಂದು ಚೈನಿಗೆ ಎಂಜಿನಿನ ಹಳೆಯ ಆಯಿಲನ್ನು ಬಳಿಯುವುದು. ಕಬ್ಬಿಣದ ಚೈನಿನ ಕಾಲದಿಂದ ಬಂದ ಅಭ್ಯಾಸವಿದು. ರಬ್ಬರು ಎಣ್ಣೆಯನ್ನೂ ಡೀಸೆಲನ್ನೂ ಹೀರಿ ಉಬ್ಬಿ ಮೆತ್ತಗಾಗುತ್ತದೆ, ಒಳಗಿನ ಕಬ್ಬಿಣದಿಂದ ಬಿಡಿಸಿಕೊಳ್ಳುತ್ತದೆ. ನಮ್ಮ ಹಿಂದಿನ ಜೋಡಿ ಚೈನಿಗೂ ಎರಡು ವಾರಕ್ಕೊಮ್ಮೆ ಈ ‘ಅಭ್ಯಂಜನ’ ನಡೆಯುತ್ತಿತ್ತು ಎಂಬುದು ಅಂಗಡಿಯವರು ಕೇಳಿದ ಮೇಲೆ ಹೊರಬಂದ ಸಂಗತಿ. ಅಷ್ಟೇ ಅಲ್ಲ, ಯಂತ್ರ ನಿಲ್ಲುತ್ತಿದ್ದದ್ದು ಗೊಬ್ಬರದ ಶೆಡ್ಡಿನಲ್ಲಿ. ನೆಲದ ಮೇಲೆ ಚೆಲ್ಲಿದ ಪೊಟ್ಯಾಶ್ ಎಂದರೆ ಒಂದು ಬಗೆಯ ಉಪ್ಪೇ, ಗಾಯವಾದ ಜಾಗದಲ್ಲಿ ಹುರಿಗೆ ಅದು ತಗುಲಿದರೆ ತುಕ್ಕಿಗೆ ಆಹ್ವಾನ ಕೊಟ್ಟಂತೆ. ಈಗ ಯಂತ್ರಕ್ಕೆ ಬೇರೆ ಚಾವಣಿ ಮಾಡಿದ್ದೇವೆ, ಬಿಸಿಲಿಗೂ ಬಿಡುವುದಿಲ್ಲ. ಸಂಜೆ ಕೆಲಸ ಮುಗಿದ ಕೂಡಲೇ, ಮಣ್ಣು ಹಸಿಯಿರುವಾಗಲೇ, ಗುದ್ದಲಿಯ ತುದಿಯಿಂದ ರೋಲರುಗಳ ಸಂದಿಯನ್ನು ಬಿಡಿಸಿ ನೀರು ಹೊಡೆಯುವುದು ಹದಿನೈದು ನಿಮಿಷದ ಕೆಲಸ. ಮರುದಿನ ಬೆಳಗ್ಗೆ ಮಾಡಿದರೆ ಒಂದು ಗಂಟೆ.

ಇನ್ನು ಚೈನಿನ ಗುಣದ ಬಗ್ಗೆ. ಹಾಕಿದ ದಿನ ಹೊರಗಿನ ಹಲ್ಲಿನ ಎತ್ತರ ವರ್ನಿಯರಿನಲ್ಲಿ 26 ಮಿ.ಮೀ. ಬಂದಿತ್ತು. ಇನ್ನೂರು ಗಂಟೆಗೆ ಬಲಗಡೆ 24, ಎಡಗಡೆ 23. ಮೊನ್ನೆ 430 ಗಂಟೆಗೆ ಬಲಗಡೆ 22, ಎಡಗಡೆ 20. ಒಂದೇ ಅಚ್ಚಿನ, ಒಂದೇ ದಿನ ಹಾಕಿದ ಎರಡು ಚೈನುಗಳಲ್ಲಿ ಇಷ್ಟು ವ್ಯತ್ಯಾಸ ಏಕೆ ಎಂದು ತಲೆ ಕೆಡಿಸಿಕೊಂಡಿದ್ದಾಗ ಉತ್ತರ ಸಿಕ್ಕಿದ್ದು ಕಾಫಿ ಒಣಗಿಸುವ ಕಣದಲ್ಲಿ. ಶೆಡ್ಡಿನಿಂದ ತೋಟಕ್ಕೆ ಇಳಿಯುವ ದಾರಿ ಕಣದ ಮೂಲೆಯಲ್ಲಿ ಎಡಕ್ಕೆ ತಿರುಗುತ್ತದೆ, ಮತ್ತು ಆ ಸಿಮೆಂಟಿನ ಮೇಲೆ ಕಾಡಿಗೆಯಲ್ಲಿ ಬರೆದಂತೆ ಕಪ್ಪು ಬಿಲ್ಲುಗಳು ಒಂದರ ಮೇಲೊಂದು ಮೂಡಿದ್ದವು. ಆಪರೇಟರು ಎಡಚೈನನ್ನು ನಿಲ್ಲಿಸಿ ಬಲಚೈನನ್ನು ಮಾತ್ರ ಓಡಿಸಿ ಯಂತ್ರವನ್ನು ನಿಂತಲ್ಲೇ ತಿರುಗಿಸುತ್ತಿದ್ದ. ನಿಂತ ಚೈನು ಯಂತ್ರದ ಭಾರ ಹೊತ್ತು ಸಿಮೆಂಟಿಗೆ ತಿಕ್ಕಿಕೊಳ್ಳುತ್ತಿತ್ತು. ಕಣದಲ್ಲಿ ರಬ್ಬರಿನ ಪುಡಿ ಬಿದ್ದರೆ ಕಾಫಿಯ ಗತಿ ಏನೆಂದು ಮನೆಯಲ್ಲಿ ನಡೆದ ಚರ್ಚೆ ಬೇರೆಯೇ ಒಂದು ಅಧ್ಯಾಯ. ಈಗ ಮೂಲೆಗಿಂತ ಹತ್ತು ಅಡಿ ಮುಂಚೆಯೇ ಎರಡೂ ಚೈನುಗಳನ್ನು ಓಡಿಸುತ್ತಾ, ಹಿಂದೆ ಮುಂದೆ ಮಾಡಿ ಮೂರು ಸಲಕ್ಕೆ ತಿರುಗಿಸುವುದೆಂದು ನಿಯಮವಾಗಿದೆ. ಹಾಗೆಯೇ ದೂರ ಸಾಗುವಾಗ ಬ್ಲೇಡು ಮುಂದೆ, ಸ್ಪ್ರಾಕೆಟು ಹಿಂದೆ ಇರುವಂತೆ ನೋಡಿಕೊಳ್ಳುತ್ತೇವೆ. ಮೇಲಿನ ಕ್ಯಾಬಿನ್ ಅರ್ಧ ಸುತ್ತು ತಿರುಗಿದ್ದರೆ ಆಪರೇಟರಿಗೆ ತಾನು ಮುಂದೆ ಹೋಗುತ್ತಿರುವಂತೆ ಅನ್ನಿಸಿದರೂ ಅಡಿಯ ಚೈನು ಹಿಂದಕ್ಕೆ ಓಡುತ್ತಿರುತ್ತದೆ. ಆಗ ಚೈನಿನ ಮೇಲ್ಭಾಗ, ಐಡ್ಲರು ಎಲ್ಲವೂ ಎಳೆತಕ್ಕೆ ಸಿಕ್ಕಿ ಸವೆತ ಹೆಚ್ಚುತ್ತದೆ.

ನಮ್ಮ ತಪ್ಪಿನ ಲೆಕ್ಕವನ್ನು ಕಳೆದರೆ, ಚೈನಿನ ರಬ್ಬರು ಗಟ್ಟಿಮುಟ್ಟಾಗಿದೆ ಎಂದೇ ಹೇಳಬೇಕು. ರಬ್ಬರ್ ಚೈನಿಗೆ ಸಾಮಾನ್ಯವಾಗಿ 1,200ರಿಂದ 1,600 ಗಂಟೆಯ ಆಯಸ್ಸು ಹೇಳುತ್ತಾರೆ. ನಮ್ಮ ಬಲಚೈನು ಇದೇ ಲೆಕ್ಕದಲ್ಲಿ ಸವೆದರೆ ಅದರ ಹತ್ತಿರಕ್ಕೆ ಹೋಗಬಹುದು, ಎಡಚೈನು ಹೋಗುವುದು ಅನುಮಾನ. ಒಳಮೈಯಲ್ಲಿ ಕಬ್ಬಿಣದ ತುಂಡು ಎಲ್ಲಿಯೂ ತಲೆಯೆತ್ತಿಲ್ಲ, ಕಾಫಿ ಬುಡ ಚುಚ್ಚಿದ ಎರಡು ಗಾಯಗಳೂ ಹುರಿಯ ತನಕ ಇಳಿದಿಲ್ಲ. ಒದ್ದೆ ಜೇಡಿಯಲ್ಲಿ ಮಾತ್ರ ಹಿಡಿತ ಸಾಲದು. ಹಲ್ಲುಗಳು ಒತ್ತೊತ್ತಾಗಿರುವುದರಿಂದ ನಡುವೆ ಮಣ್ಣು ತುಂಬಿಕೊಂಡು ಚೈನು ನುಣುಪಾಗುತ್ತದೆ. ಮೇ ತಿಂಗಳ ಮಳೆಯ ಮರುದಿನ ಅರೇಬಿಕಾ ಇಳಿಜಾರಿನಲ್ಲಿ ಯಂತ್ರ ಒಂದು ಗಜ ಪಕ್ಕಕ್ಕೆ ಜಾರಿದಾಗ ಎದೆ ಝಲ್ಲೆಂದಿತು. ಸಿಮೆಂಟು ಮತ್ತು ಒಣನೆಲದಲ್ಲಿ ಇದೇ ಒತ್ತು ಹಲ್ಲಿನಿಂದ ಅದುರಾಟ ಕಡಿಮೆ. ಎರಡನ್ನೂ ಒಂದೇ ಚೈನಿನಲ್ಲಿ ಕೇಳುವುದು ದುರಾಸೆಯಿರಬಹುದು, ಆದರೂ ಮಲೆನಾಡಿನ ಗಿರಾಕಿಗೆ ಮಾರುವಾಗ ಅಂಗಡಿಯವರು ಇದನ್ನು ಮೊದಲೇ ಹೇಳಬಹುದಿತ್ತು.

ದೂರುಗಳಲ್ಲಿ ಮೊದಲನೆಯದು ಹೊತ್ತಿನದು. ಬುಧವಾರ ಬರುತ್ತೇವೆ ಎಂದವರು ಬಂದದ್ದು ಶನಿವಾರ. ಸಕಲೇಶಪುರಕ್ಕೆ ಹಾಸನದಿಂದ ನಲವತ್ತು ಕಿಲೋಮೀಟರು. ದೂರದ ನೆಪ ಹೇಳುವಂತಿಲ್ಲ. ಚರಂಡಿ ಕೆಲಸಕ್ಕೆಂದು ಹೇಳಿದ್ದ ಆಳುಗಳಿಗೆ ಮೂರು ದಿನ ಬೇರೆ ಕೆಲಸ ಹುಡುಕಬೇಕಾಯಿತು. ಎರಡನೆಯದು ಹೆಚ್ಚು ಗಂಭೀರವಾದದ್ದು. ನೂರು ಗಂಟೆಯ ನಂತರದ ಉಚಿತ ತಪಾಸಣೆಗೆ ಹಿರಿಯ ಮೆಕ್ಯಾನಿಕ್ ಬರದೆ ಹೊಸ ಹುಡುಗನೊಬ್ಬ ಬಂದು, ಪ್ಲೈವುಡ್ಡನ್ನು ಮುಟ್ಟದೆ, ಬಲಗಡೆಗೆ ಗ್ರೀಸ್ ಒತ್ತಿ ಒತ್ತಿ ಚೈನನ್ನು ತಂಬೂರಿಯ ತಂತಿಯಂತೆ ಬಿಗಿದು ಹೋದ. ಸಂಜೆ ಐಡ್ಲರಿನ ನಡುಭಾಗದ ಮೇಲೆ ಕೈಯಿಟ್ಟರೆ ಇಡಲಾಗದಷ್ಟು ಬಿಸಿ. ತಮ್ಮದೇ ಅಂಗಡಿ ಕಲಿಸಿದ ಪಾಠವನ್ನು ತಮ್ಮದೇ ಹುಡುಗನಿಗೆ ಕಲಿಸದಿದ್ದರೆ ಹೇಗೆ ಎಂದು ಫೋನಿನಲ್ಲಿ ಕೇಳಿದಾಗ ಮಾಲೀಕರು ವಾದಿಸದೆ ತಪ್ಪೊಪ್ಪಿಕೊಂಡರು, ಮರುದಿನವೇ ಹಿರಿಯನನ್ನು ಕಳಿಸಿ ಬೇರಿಂಗು ಬಿಚ್ಚಿ ನೋಡಿಸಿದರು. ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ.

ಬೆಲೆ ಕಂಪನಿಯ ಅಸಲಿ ಬಿಡಿಭಾಗಕ್ಕಿಂತ ಮೂರನೆಯ ಒಂದು ಪಾಲು ಕಡಿಮೆ ಬಿತ್ತು. ಸ್ಪ್ರಾಕೆಟ್ ಮತ್ತು ರೋಲರುಗಳನ್ನು ಸೇರಿಸಿದರೆ ಉಳಿತಾಯ ಅಷ್ಟೇನೂ ದೊಡ್ಡದಲ್ಲ. ಜಿಎಸ್‌ಟಿ ಬಿಲ್ ಕೇಳದೆಯೇ ಕೊಟ್ಟರು. ಬಾಯಿಮಾತಿನಲ್ಲಿ ‘ಒಂದು ವರ್ಷ ನೋಡೋ ಹಾಗೇ ಇಲ್ಲ ಸಾರ್’ ಎಂದದ್ದು ಬಿಲ್ಲಿನಲ್ಲಿ ಆರು ತಿಂಗಳಾಗಿದೆ, ಅದರಲ್ಲೂ ಕಲ್ಲು ಕಡ್ಡಿಯ ಗಾಯಕ್ಕೆ ಗ್ಯಾರಂಟಿ ಇಲ್ಲವೆಂದು ಸಣ್ಣಕ್ಷರದಲ್ಲಿದೆ. ಕಲ್ಲು ಕಡ್ಡಿ ಇಲ್ಲದ ತೋಟ ಈ ಜಿಲ್ಲೆಯಲ್ಲಿ ಎಲ್ಲಿದೆಯೋ ತಿಳಿಯದು. ಮೂರು ಟನ್ನಿನ ಯಂತ್ರ ಇಟ್ಟುಕೊಂಡಿರುವ ಅಕ್ಕಪಕ್ಕದ ಇಬ್ಬರಿಗೆ ಈಗಾಗಲೇ ಈ ಅಂಗಡಿಯ ದಾರಿ ತೋರಿಸಿದ್ದೇನೆ, ಹಿರಿಯ ಮೆಕ್ಯಾನಿಕ್ಕೇ ಬರಬೇಕೆಂದು ಹೇಳಿಯೇ ಮುಂಗಡ ಕೊಡಿ ಎಂಬ ಮಾತಿನ ಜೊತೆಗೆ. ಮಳೆ ಬಿಟ್ಟ ಮೇಲೆ ಎಡ ಬಲ ಚೈನುಗಳನ್ನು ಅದಲುಬದಲು ಮಾಡಿದರೆ ಸವೆತ ಸಮವಾಗುತ್ತದೆಯೇ ಎಂದು ಕಳೆದ ಗುರುವಾರ ಫೋನಿನಲ್ಲಿ ಕೇಳಿದ್ದೆ. ನೋಡಿ ಹೇಳುತ್ತೇವೆ ಎಂದಿದ್ದರು, ಇನ್ನೂ ಹೇಳಿಲ್ಲ.